ನಮ್ಮೂರಿಗೊಬ್ಬ ತೊಗರ್ಯಾ ಬೇಕು

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯಲ್ಲಿ 43 ಡಿಗ್ರಿ ಬಿಸಿಲು. ಅವತ್ತೇ ಶುರುವಾದ ಒಂದು ಅಂಗಡಿ ಮುಂದೆ ಪಾಂಡಾ ವೇಷ ಹಾಕಿಕೊಂಡ ಒಬ್ಬ ಕೈ ಬೀಸುತ್ತಾ ನಿಂತಿದ್ದ. ನನ್ನ ಎಂಟು ವರ್ಷದ ಮಗಳು ಓಡಿ ಹೋಗಿ ಅವನ ಕೈ ಹಿಡಿದಳು. ಹಿಡಿದವಳೇ ನನ್ನ ಕಡೆ ತಿರುಗಿ, "ಅಪ್ಪಾ, ಇವರ ಕೈ ನಡಗಲಿಕತ್ತದ" ಅಂದಳು.

ಹತ್ತಿರ ಹೋಗಿ "ಆರಾಮ ಅದೀಯೇನಪ?" ಅಂತ ಕೇಳಿದೆ. ಪಾಂಡಾದ ಒಳಗಿಂದ ಸಣ್ಣ ದನಿ ಬಂತು: "ನೀರ ಬೇಕ್ರಿ ಅಣ್ಣಾ." ನೆರಳಿಗೆ ಕರೆದುಕೊಂಡು ಹೋಗಿ ತಲೆ ತೆಗೆದರೆ ಹದಿನೆಂಟು ಹತ್ತೊಂಬತ್ತರ ಹುಡುಗ. ಬೆಳಿಗ್ಗೆ ಹತ್ತು ಗಂಟೆಗೆ ಬಂದು ನಿಂತವನು, ಆಗ ಎರಡಾಗಿತ್ತು. ಆ ತಲೆಯೊಳಗೆ ನಾನು ಕೈ ಹಾಕಿ ನೋಡಿದೆ. ದಪ್ಪ ಫೋಮು, ಬೆವರು ಕುಡಿದು ಒದ್ದೆ ಸ್ಪಂಜಿನ ಹಾಗಾಗಿತ್ತು. ಬಾಯಿ ಇರುವ ಕಡೆ ಎರಡು ಬೆರಳಗಲದ ಜಾಳಿಗೆ. ಅವನು ನೋಡುವುದೂ ಅದರಲ್ಲೇ, ಉಸಿರಾಡುವುದೂ ಅದರಲ್ಲೇ. ಎರಡು ಗ್ಲಾಸು ಮಜ್ಜಿಗೆ ಕುಡಿದ ಮೇಲೆ ಅವನ ಮುಖಕ್ಕೆ ಬಣ್ಣ ಬಂತು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಊರು ಕಲಬುರಗಿ ಕಡೆಯದಾದರೂ ನಾನಿರುವುದು ಜಪಾನಿನ ಕುಮಾಮೊಟೊದಲ್ಲಿ. ಎಂಟು ವರ್ಷ ಆಯ್ತು. ಹೆಸರು ಕೇಳಿಲ್ಲದವರೂ ಆ ಊರಿನ ಕರಡಿಯ ಚಿತ್ರ ನೋಡಿರುತ್ತೀರಿ. ಕಪ್ಪು ಮೈ, ದುಂಡು ಕಣ್ಣು, ಎರಡು ಕೆಂಪು ಕೆನ್ನೆ. ಹೆಸರು ಕುಮಾಮೋನ್. ನಮ್ಮ ಮನೆಯ ಅಕ್ಕಿ ಚೀಲದ ಮೇಲೆ, ಮಗಳ ಪೆನ್ಸಿಲ್ ಮೇಲೆ, ಹಾಲಿನ ಡಬ್ಬದ ಮೇಲೆ ಅವನೇ. ಅವನು ಹೊರಗೆ ಕಾಣಿಸಿಕೊಂಡಾಗ ಪಕ್ಕದಲ್ಲಿ ಯಾವಾಗಲೂ ಒಬ್ಬ ಸಹಾಯಕರು ಇರುತ್ತಾರೆ. ಮೆಟ್ಟಿಲು ಬಂದರೆ ಕೈ ಹಿಡಿಯುತ್ತಾರೆ, ಮಕ್ಕಳು ಮೇಲೆ ಬೀಳದ ಹಾಗೆ ನೋಡಿಕೊಳ್ಳುತ್ತಾರೆ. ನಾನು ನೋಡಿದ ಕಾರ್ಯಕ್ರಮಗಳಲ್ಲಿ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಒಳಗೆ ಕರೆದುಕೊಂಡು ಹೋಗಿಬಿಡುತ್ತಾರೆ. ಬೇಸಿಗೆಯಲ್ಲಂತೂ ಇನ್ನೂ ಬೇಗ.

ಇದನ್ನು ಬರೆಯುತ್ತಿರುವುದು ಅಲ್ಲಿಯದು ಚಂದ, ನಮ್ಮದು ಕಡಿಮೆ ಅನ್ನುವುದಕ್ಕಲ್ಲ. ನಮ್ಮ ಕಡೆ ಜನ ಈಗ ಮ್ಯಾಸ್ಕಾಟ್, ಅಂದರೆ ಊರಿಗೋ ಕೂಟಕ್ಕೋ ಗುರುತಾಗಿ ನಿಲ್ಲುವ ಗೊಂಬೆ, ಅನ್ನೋ ಮಾತು ಜಾಸ್ತಿ ಆಡುತ್ತಿದ್ದಾರೆ. ಓಟದ ಸ್ಪರ್ಧೆಗೆ ಒಂದು, ಕಾಲೇಜಿನ ಕ್ರೀಡಾಕೂಟಕ್ಕೆ ಒಂದು, ಅಂಗಡಿಗೆ ಒಂದು. ಆದರೆ ಬಾಡಿಗೆಗೆ ತಂದ ಪಾಂಡಾ, ಬಾಡಿಗೆಗೆ ತಂದ ಇಲಿ. ಕಲಬುರಗಿಗೂ ಪಾಂಡಾಕ್ಕೂ ಏನು ಸಂಬಂಧ? ಊರಿನ ಗೊಂಬೆ ಊರಿನಿಂದಲೇ ಹುಟ್ಟಬೇಕು. ಹುಟ್ಟಿದ ಮೇಲೆ ಅದನ್ನು ಊರಿಗೇ ಬಿಡಬೇಕು. ನನಗೆ ಹೇಳಬೇಕಾಗಿರುವುದು ಇಷ್ಟೇ. ಇದಕ್ಕೆ ಕುಮಾಮೋನ್ ಕಥೆ ಸ್ವಲ್ಪ ಹೇಳಬೇಕು.

2011ರ ಮಾರ್ಚ್ 12ಕ್ಕೆ ಕ್ಯೂಶೂ ದ್ವೀಪದ ಬುಲೆಟ್ ರೈಲು ಪೂರ್ತಿ ಶುರುವಾಗುವುದಿತ್ತು. ಕುಮಾಮೊಟೊದವರಿಗೆ ಒಂದು ಹೆದರಿಕೆ. ಜನ ನಮ್ಮ ಊರಲ್ಲಿ ಇಳಿಯದೆ ಸೀದಾ ಮುಂದೆ ಹೋಗಿಬಿಟ್ಟರೆ? ಸೋಲಾಪುರ, ವಾಡಿ ನಡುವೆ ಓಡುವ ದೂರದ ರೈಲುಗಳನ್ನು ನೋಡಿ ಬೆಳೆದವರಿಗೆ ಈ ಹೆದರಿಕೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಲ್ಲಿನವರೇ ಆದ ಬರಹಗಾರ ಕೋಯಾಮಾ ಕುಂದೊ ಅವರನ್ನು ಸಲಹೆಗೆ ಕರೆದರು. ಅವರು ಮಿಜುನೊ ಮಾನಾಬು ಅನ್ನುವ ಡಿಸೈನರ್ ಹತ್ತಿರ ಒಂದು ಲೋಗೋ ಮಾಡಲು ಹೇಳಿದರು. ಮಿಜುನೊ ಲೋಗೋ ಜೊತೆಗೆ ಯಾರೂ ಕೇಳದ ಒಂದು ಕರಡಿಯನ್ನೂ ಬರೆದುಕೊಟ್ಟರು. ಕರಡಿಯ ಕಪ್ಪು ಬಣ್ಣ ಊರಿನ ಕೋಟೆಯದು. ಕೆಂಪು ಕೆನ್ನೆ ಜ್ವಾಲಾಮುಖಿಯದು, ಟೊಮೆಟೊ ಕಲ್ಲಂಗಡಿಯದು. ಕಣ್ಣು ಮಾತ್ರ ಆಶ್ಚರ್ಯದಿಂದ ಅರಳಿದ ಹಾಗೆ. ನಮ್ಮ ಊರಲ್ಲೇ ಇಷ್ಟೊಂದು ಇದೆಯಲ್ಲ ಅಂತ ಊರವರೇ ಬೆರಗಾಗಬೇಕು ಅನ್ನೋದು ಅದರ ಅರ್ಥ.

ಹೆಸರಿನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. "ಮೋನ್" ಅಂದರೆ ಅಲ್ಲಿಯ ಹಳ್ಳಿ ಮಾತಿನಲ್ಲಿ ಮನುಷ್ಯ, ಅಲ್ಲಿಯವನು. ಟೋಕಿಯೊದ ಶುದ್ಧ ಜಪಾನಿಯಲ್ಲಿ ಅದು "ಮೊನೊ". ಅವರು ಬೇಕಂತಲೇ ಊರ ಮಾತನ್ನೇ ಇಟ್ಟುಕೊಂಡರು. ನಮ್ಮ ಕಲಬುರಗಿ ಮಾತು ಸಿನಿಮಾದಲ್ಲಿ ಬಂದರೆ ನಗಿಸುವುದಕ್ಕೇ ಬರುತ್ತದೆ. ಬೆಂಗಳೂರಿನಲ್ಲಿ ಓದುವಾಗ "ಏನದ ಏನಿಲ್ಲ" ಅಂದ ಕೂಡಲೇ ಗೆಳೆಯರು ನಗುತ್ತಿದ್ದರು. ನಾನು ಒಂದು ವರ್ಷ ನಾಲಿಗೆ ತಿದ್ದಿಕೊಂಡೆ. ಈಗ ಮನೆಯಲ್ಲಿ ಮಗಳ ಜೊತೆ ಪೂರ್ತಿ ನಮ್ಮ ಕಡೆ ಮಾತೇ. ಹೀಗಾಗಿ ಊರ ಮಾತು ಒಂದು ಕರಡಿಯ ಹೆಸರಿನಲ್ಲಿ ತಲೆ ಎತ್ತಿಕೊಂಡು ದೇಶವೆಲ್ಲ ಸುತ್ತುವುದು ನೋಡಿದಾಗ ನನಗೆ ಎದೆ ತುಂಬಿ ಬಂದಿತ್ತು. ಅಷ್ಟೇ ಅಲ್ಲ, ಮ್ಯಾಸ್ಕಾಟ್ ಅನ್ನುವ ಪದವೇ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸಾಲ್ ಆಡುಮಾತಿನಿಂದ ಬಂದದ್ದು. ಮಾಟ, ತಾಯಿತ ಅಂತ ಅದರ ಮೂಲ ಅರ್ಥ. ಒಳ್ಳೆಯದಾಗಲಿ ಅಂತ ಮಗುವಿನ ಕೊರಳಿಗೆ ಕಟ್ಟುತ್ತೇವಲ್ಲ, ಅಂಥದ್ದು.

ಕುಮಾಮೋನ್ ಗೆದ್ದದ್ದು ಬರೀ ಚಿತ್ರದಿಂದಲ್ಲ. 2010ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಒಂದು ತೀರ್ಮಾನ ಮಾಡಿತು. ಅರ್ಜಿ ಹಾಕಿ ಒಪ್ಪಿಗೆ ತೆಗೆದುಕೊಂಡರೆ ಸಾಕು, ದುಡ್ಡು ಕೊಡದೆ ಯಾರಾದರೂ ಕರಡಿಯನ್ನು ತಮ್ಮ ಸಾಮಾನಿನ ಮೇಲೆ ಹಾಕಿಕೊಳ್ಳಬಹುದು. ಅದು ಊರಿನ ಹೆಸರಿಗೆ ಒಳ್ಳೆಯದು ಮಾಡಬೇಕು, ಅಷ್ಟೇ. ಉಪ್ಪಿನಕಾಯಿ ಮಾಡುವ ಅಜ್ಜಿಗೂ ಅದೇ ಕರಡಿ, ದೊಡ್ಡ ಬಿಸ್ಕೆಟ್ ಕಂಪನಿಗೂ ಅದೇ ಕರಡಿ. 2015ರಲ್ಲಿ ಕರಡಿ ಮುಖ ಹೊತ್ತ ಸಾಮಾನು ಒಂದೇ ವರ್ಷದಲ್ಲಿ 10,000 ಕೋಟಿ ಯೆನ್ ದಾಟಿ ಮಾರಾಟವಾಯಿತು. ನಮ್ಮ ಬೀದಿಯ ಕೊನೆಯಲ್ಲಿ ತೋಫು ಮಾರುವ ಒಬ್ಬ ಮುದುಕರಿದ್ದಾರೆ. ಅವರ ಪೊಟ್ಟಣದ ಮೇಲಿನ ಕರಡಿಯ ಒಂದು ಕೆನ್ನೆ ಮುದ್ರಣದಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದಿದೆ. ಎಷ್ಟೋ ವರ್ಷದಿಂದ ಹಾಗೇ ಇದೆ. ನನಗೆ ಅದೇ ಹೆಚ್ಚು ಚಂದ.

ಸರ್ಕಾರಿ ಕೆಲಸ ಅಂದರೆ ಬಿಗಿ ಮುಖ ಅಂತ ನಮಗೆ ರೂಢಿ. ಅಲ್ಲಿ ಕರಡಿಗೆ ಮಾರಾಟ ವಿಭಾಗದ ಮುಖ್ಯಸ್ಥನ ಹುದ್ದೆ ಕೊಟ್ಟರು. ಸಂತೋಷ ಹಂಚುವ ಹುದ್ದೆಯನ್ನೂ ಕೊಟ್ಟರು. ಒಂದು ಸಲ ಕೆಂಪು ಕೆನ್ನೆ ಕಳೆದುಹೋಗಿದೆ, ಹುಡುಕಿಕೊಡಿ ಅಂತ ರಾಜ್ಯಪಾಲರೇ ಜನರನ್ನು ಕೇಳಿಕೊಂಡರು. ಜನ ನಿಜವಾಗಿ ಹುಡುಕಿದರು! 2016ರ ಏಪ್ರಿಲ್‌ನಲ್ಲಿ ದೊಡ್ಡ ಭೂಕಂಪ ಆದಾಗ ಕರಡಿ ಹೊರಗೆ ಬರುವುದನ್ನು ನಿಲ್ಲಿಸಿತು. ಮೂರು ವಾರ ಆದ ಮೇಲೆ, ಮೇ 5ರ ಮಕ್ಕಳ ದಿನದಂದು, ಮತ್ತೆ ಬಂತು. ನಮ್ಮ ಪಕ್ಕದ ಮನೆಯ ಅಜ್ಜಿ ಆಗ ಶಾಲೆಯೊಂದರಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಟಿವಿಯಲ್ಲಿ ಮಕ್ಕಳು ಕರಡಿಯನ್ನು ಅಪ್ಪಿಕೊಳ್ಳುವುದು ನೋಡಿ ಅತ್ತುಬಿಟ್ಟೆ ಅಂತ ಹೇಳಿದರು. ಹೇಳುವಾಗಲೂ ಅವರ ಕಣ್ಣು ಒದ್ದೆಯಾಯಿತು.

ಜಪಾನಿನಲ್ಲೂ ಎಲ್ಲ ಸರಿ ಇಲ್ಲ. ಕುಮಾಮೋನ್ ಗೆದ್ದದ್ದು ನೋಡಿ ಊರೂರಿಗೆ, ಇಲಾಖೆ ಇಲಾಖೆಗೆ ಗೊಂಬೆ ಹುಟ್ಟಿದವು. 2015ರಲ್ಲಿ ಗೊಂಬೆಗಳ ಸ್ಪರ್ಧೆಗೆ 1,700ಕ್ಕೂ ಜಾಸ್ತಿ ಹೆಸರು ಬಂದಿದ್ದವು. ಒಸಾಕಾದವರು ಕೊನೆಗೆ ತಮ್ಮ ಗೊಂಬೆಗಳನ್ನು ಕಡಿಮೆ ಮಾಡಬೇಕಾಯ್ತು. ಯಾರೋ ಕಚೇರಿಯಲ್ಲಿ ಕೂತು ಮಾಡಿದ ಗೊಂಬೆ ಯಾರಿಗೂ ಬೇಕಾಗಲಿಲ್ಲ.

ಹಳೆಯವು ಯಾಕೆ ನಿಂತವು ನೋಡಿ. ಮಿಷೆಲಿನ್ ಕಂಪನಿಯ ಟೈರ್ ಮನುಷ್ಯ ಹುಟ್ಟಿದ್ದು 1898ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು ಲಿಯೋನ್ ಊರಿನ ಪ್ರದರ್ಶನದಲ್ಲಿ ಒಂದರ ಮೇಲೊಂದು ಪೇರಿಸಿದ ಟೈರುಗಳು ಕಂಪನಿ ಕಟ್ಟಿದ ಅಣ್ಣ ತಮ್ಮಂದಿರಿಗೆ ಮನುಷ್ಯನ ಹಾಗೆ ಕಂಡವು. ಅವನು ಬೆಳ್ಳಗಿರುವುದು ಆಗಿನ ಟೈರು ಬಿಳಿಚಿಕೊಂಡ ಬಣ್ಣದ್ದೇ ಆಗಿದ್ದಕ್ಕೆ. ಅಂದರೆ ಅವನು ಆ ಕಾರ್ಖಾನೆಯ ಅಂಗಳದಲ್ಲೇ ಹುಟ್ಟಿದವನು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ವಾಲ್ಡಿ ಆ ಕಡೆ ಜನ ಮನೆಯಲ್ಲಿ ಸಾಕುವ ಉದ್ದ ಮೈಯ ನಾಯಿ. ಒಲಿಂಪಿಕ್ಸ್‌ಗೆ ಅಧಿಕೃತವಾಗಿ ಬಂದ ಮೊದಲ ಮ್ಯಾಸ್ಕಾಟ್ ಅದೇ. ಮ್ಯಾರಥಾನ್ ಓಟದ ದಾರಿಯನ್ನೂ ಅದರ ಆಕಾರದಲ್ಲೇ ಹಾಕಿದ್ದರು. ನಮ್ಮಲ್ಲಿ 1954ರಲ್ಲಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಏಷ್ಯನ್ ಪೇಂಟ್ಸ್‌ಗೆ ಬಣ್ಣದ ಡಬ್ಬ ಹಿಡಿದ ಹುಡುಗನನ್ನು ಬರೆದರು. ಹೆಸರಿಡಲು ಜನರನ್ನೇ ಕೇಳಿದರು, 500 ರೂಪಾಯಿ ಬಹುಮಾನ ಇಟ್ಟರು. ಜನ ಇಟ್ಟ ಹೆಸರು ಗಟ್ಟು. ಆಮೇಲೆ 1982ರ ಏಷ್ಯನ್ ಕ್ರೀಡಾಕೂಟದ ಅಪ್ಪು ಆನೆ. ಅಪ್ಪುವನ್ನು ನಮ್ಮ ಅಪ್ಪಾಜಿ ಟಿವಿಯಲ್ಲಿ ನೋಡಿದ್ದರು. ಟಿವಿ ನಮ್ಮ ಕಡೆಗೆ ಬೇಗ ಬಂದಿತ್ತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ 1975ರ ಪ್ರಯೋಗಕ್ಕೆ ರಾಜ್ಯದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳನ್ನೇ.

ಆದರೆ ಅಪ್ಪುಗಿಂತ ಮುಂಚೆ ನಮ್ಮಲ್ಲಿ ವೇಷ ಇರಲಿಲ್ಲವಾ? ಚಿತ್ತಾಪುರ ತಾಲ್ಲೂಕಿನ ನಮ್ಮ ಹಳ್ಳಿಗೆ ಹಗಲುವೇಷದವರು ಬರುತ್ತಿದ್ದರು. ಹಾರ್ಮೋನಿಯಂ, ತಬಲಾ ಜೊತೆಗೆ. ಇವತ್ತು ರಾಮ, ನಾಳೆ ಭೀಮ, ನಾಡಿದ್ದು ಮತ್ತೊಬ್ಬ. ಹಲವು ದಿನ ಇದ್ದು, ಕೊನೆಯ ದಿನ ಮನೆ ಮನೆಗೆ ಬಂದು ಜೋಳ, ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಮೊಹರಂನಲ್ಲಿ ಹುಲಿವೇಷ. ಹರಕೆ ಹೊತ್ತ ಹಿಂದೂ ಹುಡುಗರೂ ಮೈಗೆ ಹಳದಿ, ಕಪ್ಪು ಪಟ್ಟೆ ಬಳಿದುಕೊಂಡು ಹಲಗೆ ಬಡಿತಕ್ಕೆ ಕುಣಿಯುತ್ತಿದ್ದರು.

ಇಲ್ಲಿ ನನಗೆ ಎರಡು ಊರಿನ ರೀತಿ ಬೇರೆ ಬೇರೆ ಕಾಣುತ್ತದೆ. ಜಪಾನಿನಲ್ಲಿ ಗೊಂಬೆಯ ಒಳಗೆ ಮನುಷ್ಯ ಇದ್ದಾನೆ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕರಡಿ ಕರಡಿಯೇ. ಮಕ್ಕಳ ಮುಂದೆ ತಲೆ ತೆಗೆಯುವ ಮಾತೇ ಇಲ್ಲ. ನಮ್ಮಲ್ಲಿ ಭೀಮನ ವೇಷದವನು ನಮ್ಮ ಕಟ್ಟೆ ಮೇಲೆ ಕೂತು, ಗದೆಯನ್ನು ಗೋಡೆಗೆ ಒರಗಿಸಿ, ನಮ್ಮವ್ವ ಕೊಟ್ಟ ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದ. ಮೀಸೆಗೆ ಪಲ್ಲೆ ಹತ್ತಬಾರದು ಅಂತ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿರುತ್ತಿದ್ದ. ನಾವು ಎದುರಿಗೇ ಕೂತು ನೋಡುತ್ತಿದ್ದೆವು. ಊಟ ಮುಗಿಸಿ, ಕೈ ತೊಳೆದು, ಅವನು ಎದ್ದು ಒಂದು ಸಲ ಗದೆ ಎತ್ತಿದರೆ ನಾವೆಲ್ಲ ಚೀರಿಕೊಂಡು ಓಡುತ್ತಿದ್ದೆವು. ಭೀಮ ಮತ್ತೆ ಭೀಮನಾಗಿರುತ್ತಿದ್ದ. ಒಳಗಿನ ಮನುಷ್ಯ ಹಸಿದಿದ್ದಾನೆ ಅಂತ ಗೊತ್ತಿದ್ದೇ ನಾವು ಹೆದರುತ್ತಿದ್ದೆವು. ಆ ಪಾಂಡಾ ಹುಡುಗನಿಗೆ ಎರಡೂ ಸಿಗಲಿಲ್ಲ. ಜಪಾನಿನ ಸಹಾಯಕರೂ ಇಲ್ಲ, ನಮ್ಮ ಹಳ್ಳಿಯ ಕಟ್ಟೆಯೂ ಇಲ್ಲ.

ಹಾಗಾದರೆ ನಮ್ಮ ಗೊಂಬೆ ಯಾವುದು? ಬೀದರಿಗೆ ನನ್ನ ಮನಸ್ಸಲ್ಲಿ ಕೃಷ್ಣಮೃಗ ಇದೆ. ಅಲ್ಲಿನ ಹುಲ್ಲುಗಾವಲುಗಳಲ್ಲಿ ಅದು ಈಗಲೂ ಓಡಾಡುತ್ತದೆ. ಗಂಡು ಜಿಂಕೆಯ ಮೇಲ್ಮೈ ಕಪ್ಪು, ಹೊಟ್ಟೆ ಬಿಳಿ. ಬಿದರಿ ಹೂಜಿಯೂ ಹಾಗೇ ಅಲ್ವಾ? ಸತು, ತಾಮ್ರದ ಪಾತ್ರೆಯನ್ನು ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಲ್ಲಿ ಕಾಯಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ತಂತಿ ಬೆಳ್ಳಗೇ ಉಳಿಯುತ್ತದೆ. ಎರಡೇ ಬಣ್ಣ. ಒಳ್ಳೆಯ ಮ್ಯಾಸ್ಕಾಟ್‌ಗೆ ಎರಡು ಮೂರು ಬಣ್ಣಕ್ಕಿಂತ ಜಾಸ್ತಿ ಬೇಡ. ದೂರದಿಂದ ಕಾಣಬೇಕು, ಮಗು ಒಂದು ನಿಮಿಷದಲ್ಲಿ ಬರೆಯುವ ಹಾಗಿರಬೇಕು. ಯಾದಗಿರಿಯದು ಯಾದಗಿರಿಯವರೇ ಆರಿಸಬೇಕು. ಕೋಟೆ ಬೆಟ್ಟವೋ, ಬೋನಾಳ ಕೆರೆಯ ಹಕ್ಕಿಯೋ, ಹೊರಗಿನವರು ಹೇಳಬಾರದು.

ಕಲಬುರಗಿಗೆ ತೊಗರಿ. ಅದರ ಬಗ್ಗೆ ನನಗೆ ಅನುಮಾನ ಇಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ, ಅಂದರೆ ಇದು ಈ ನೆಲದ್ದೇ ಅನ್ನುವ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು. ಈ ಸಲ ಊರಿಗೆ ಬಂದಾಗ ಮಗಳಿಗೆ ಒಂದು ಕಾಳು ಕೈಗೆ ಕೊಟ್ಟು, "ಇದಕ್ಕೊಂದು ಮುಖ ಬರಿ" ಅಂದೆ. ಕಂದು ಬಣ್ಣದ ದುಂಡು ಮೈ, ತಲೆಗೆ ರುಮಾಲು. ಮೈ ನಡುವೆ ಒಂದು ಗೆರೆ ಎಳೆದಳು. ಯಾಕೆ ಅಂತ ಕೇಳಿದೆ. "ಒಡದ್ರ ಎರಡ ಬ್ಯಾಳಿ ಆಗ್ತಾವಲ್ಲ, ಒಳಗ ಹಳದಿ ಅದ" ಅಂದಳು. ಹೆಸರು ಕೇಳಿದರೆ ಯೋಚನೆಯನ್ನೇ ಮಾಡಲಿಲ್ಲ. ನಮ್ಮಲ್ಲಿ ಬಸವರಾಜ ಬಸ್ಯಾ, ಮಲ್ಲಪ್ಪ ಮಲ್ಯಾ ಆಗುವ ಹಾಗೆ ಇವನು ತೊಗರ್ಯಾ. ಕುಮಾಮೊಟೊದವರಿಗೆ "ಮೋನ್" ಹೇಗೋ ನಮಗೆ ಈ "ಯಾ" ಹಾಗೆ. ಸಲುಗೆ, ಪ್ರೀತಿ ಎಲ್ಲ ಅದರಲ್ಲೇ ಬಂತು.

ತೊಗರ್ಯಾ ಯಾರ ಒಬ್ಬರ ಆಸ್ತಿಯೂ ಆಗಬಾರದು. ದಾಲ್ ಮಿಲ್ಲಿನವರು, ಕಡಕ್ ರೊಟ್ಟಿ ಮಾಡುವ ಸ್ವಸಹಾಯ ಸಂಘದವರು, ಶಾಲೆ ಕಬಡ್ಡಿ ತಂಡದ ಹುಡುಗರು, ಎಲ್ಲರೂ ಸುಮ್ನೆ ಒಂದು ಅರ್ಜಿ ಹಾಕಿ ತೆಗೆದುಕೊಳ್ಳುವಂತಿರಬೇಕು. ಹೆಸರು ಜನ ಇಡಲಿ, ಚಿತ್ರ ಮಕ್ಕಳು ಬರೆಯಲಿ. ವೇಷ ಹಾಕುವ ಕೆಲಸಕ್ಕೆ ಮೊದಲು ಹಗಲುವೇಷದ ಮನೆಯವರನ್ನು ಕರೆಯಿರಿ. ಮೈಯಲ್ಲೇ ನಗಿಸಿ ಹೆದರಿಸುವುದು ತಲೆತಲಾಂತರದಿಂದ ಅವರಿಗೆ ಗೊತ್ತು. ಸರಿಯಾದ ಸಂಬಳ ಕೊಡಿ. ನಮ್ಮ ಬಿಸಿಲಿಗೆ ಫೋಮು ಬೇಡ, ಹತ್ತಿ ಬಟ್ಟೆ, ಬಿದಿರಿನ ಚೌಕಟ್ಟು ಸಾಕು. ಹದಿನೈದು ನಿಮಿಷಕ್ಕೊಮ್ಮೆ ನೆರಳು, ನೀರು.

ನಮ್ಮ ಅಕ್ಕ ಕಲಬುರಗಿಯಲ್ಲಿ ಕಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ನಾವು ಹೊರಡುವ ಹಿಂದಿನ ದಿನ ಮಗಳ ಚಿತ್ರವನ್ನು ಜೆರಾಕ್ಸ್ ಮಾಡಿಸಿ ಇಪ್ಪತ್ತು ಪೊಟ್ಟಣದ ಮೇಲೆ ಅಂಟಿಸಿದಳು. ಸಂಜೆ ಕನ್ನಡಕ ಹಾಕಿಕೊಂಡು ಒಂದು ಪೊಟ್ಟಣ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮಗಳನ್ನು ಕರೆದಳು.

"ಕೈ ಸಣ್ಣವಾಗ್ಯಾವ ನೋಡವ್ವಾ. ರೊಟ್ಟಿ ಹಿಡಕೋಬೇಕಲ್ಲ ಅವ. ದೊಡ್ಡವು ಬರಿ."

ಮಗಳು ಅಲ್ಲೇ ಕೂತು ಅಳಿಸತೊಡಗಿದಳು.