ಅಮಾವಾಸ್ಯೆ ನೋಡಿ ಮಳೆ ಹೇಳಬಹುದೇ?

ಪರ: ಶಾಮಿಯಾನದವರ ಲೆಕ್ಕ

ಬಸವನಗುಡಿಯಲ್ಲಿ ನಮ್ಮ ಮಾವನವರದು ಶಾಮಿಯಾನ ಅಂಗಡಿ. ಬಯಲಲ್ಲಿ ಆರತಕ್ಷತೆ ಅಂತ ಯಾರಾದರೂ ಬಂದರೆ, ಮುಂಗಡ ಹಿಡಿಯುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಅಮಾವಾಸ್ಯೆ ಕಳೆದು ಮೂರು ದಿನದೊಳಗಿದ್ದರೆ ಒಂದೇ ಮಾತು: "ಬಟ್ಟೆ ನಂಬ್ಬೇಡಿ ಸ್ವಾಮಿ, ಶೀಟ್ ಹಾಕ್ಸಿ."

ನಗುವವರು ಎರಡು ತಾರೀಖು ನೋಡಲಿ. ಬೆಂಗಳೂರಿನ ಸೆಪ್ಟೆಂಬರ್ ತಿಂಗಳಲ್ಲಿ ಒಂದೇ ದಿನ ಸುರಿದ ದಾಖಲೆ ಮಳೆ 177.6 ಮಿ.ಮೀ., 1988ರ 12ರಂದು. ಅದರ ಹಿಂದಿನ ದಿನವೇ ಅಮಾವಾಸ್ಯೆ ಆಗಿತ್ತು. 2014ರ ಸೆಪ್ಟೆಂಬರ್ 26ರಂದು 132.3 ಮಿ.ಮೀ.; ನವರಾತ್ರಿ ಆಗಷ್ಟೇ ಶುರುವಾಗಿತ್ತು, ಅಂದರೆ ಅಮಾವಾಸ್ಯೆ ಕಳೆದು ಎರಡೇ ದಿನ.

ಇದು ಬರೀ ನಮ್ಮೂರಿನ ಮಾತಲ್ಲ. 1962ರಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಅಮೆರಿಕದ ದಾಖಲೆ ಜಾಲಾಡಿದವರಿಗೆ ಅಮಾವಾಸ್ಯೆ, ಹುಣ್ಣಿಮೆ ಕಳೆದ ಮೂರರಿಂದ ಐದನೇ ದಿನದ ಸುಮಾರಿಗೆ ಭಾರಿ ಮಳೆ ಹೆಚ್ಚಾಗಿ ಕಂಡಿತ್ತು. ನ್ಯೂಜಿಲೆಂಡಿನ ಮಳೆಯಲ್ಲೂ ಅಂಥದೇ ಏರಿಳಿತ. ಸಮುದ್ರವನ್ನು ಉಬ್ಬಿಸುವ ಚಂದ್ರ ಗಾಳಿಯನ್ನು ಬಿಟ್ಟಾನೆಯೇ? ವಾಯುಭಾರದಲ್ಲೂ ಅವನ ಉಬ್ಬರವಿಳಿತ ದಾಖಲಾಗುತ್ತದೆ. ಮಾವನವರಿಗೆ ಕಾರಣ ಗೊತ್ತಿರಲಿಲ್ಲ, ಅಷ್ಟೆ.

ವಿರೋಧ: ಮೂರನೇ ತಾರೀಖು ಎಲ್ಲಿ ಹೋಯಿತು?

ಆ ಎರಡು ತಾರೀಖು ಸರಿ. ಆದರೆ ಸೆಪ್ಟೆಂಬರಿನ ಭಾರಿ ಮಳೆಗಳ ಅದೇ ಪಟ್ಟಿಯ ಮೂರನೆಯದನ್ನು ಬಿಟ್ಟದ್ದೇಕೆ? 2022ರ ಸೆಪ್ಟೆಂಬರ್ 5ರ ಬೆಳಗಿನವರೆಗೆ 131.6 ಮಿ.ಮೀ. ಬಿತ್ತು, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಮಳೆ ಅದು. ಆ ರಾತ್ರಿ ಆಕಾಶದಲ್ಲಿದ್ದದ್ದು ಅಷ್ಟಮಿ ಆಗಷ್ಟೇ ಕಳೆದ, ಅರ್ಧಕ್ಕಿಂತ ತುಸು ದೊಡ್ಡ ಚಂದ್ರ. 2024ರ ಜೂನ್ 2ರಂದು 111.1 ಮಿ.ಮೀ. ಸುರಿದು 1891ರ ಜೂನ್ ದಾಖಲೆ ಮುರಿಯಿತು. ಅಂದು ಏಕಾದಶಿ, ಅಮಾವಾಸ್ಯೆ ಇನ್ನೂ ನಾಲ್ಕು ದಿನ ದೂರ.

ಇನ್ನೊಂದು ಲೆಕ್ಕ. ಅಮಾವಾಸ್ಯೆ, ಹುಣ್ಣಿಮೆ ಎರಡಕ್ಕೂ ಹಿಂದೊಂದು, ಮುಂದೆ ಮೂರು ದಿನ ಸೇರಿಸಿದರೆ ಒಟ್ಟು ಹತ್ತು ದಿನ. ಚಾಂದ್ರಮಾಸಕ್ಕೆ ಇರುವುದೇ ಇಪ್ಪತ್ತೊಂಬತ್ತೂವರೆ. ಚಂದ್ರ ಏನೂ ಮಾಡದೆ ಸುಮ್ಮನಿದ್ದರೂ ಮೂರರಲ್ಲೊಂದು ಮಳೆ ಆ ಬಲೆಗೆ ಬೀಳಲೇಬೇಕು!

ಗಾಳಿಯ ಉಬ್ಬರವಿಳಿತ ನಿಜ, ಒಪ್ಪಿದೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೊಹ್ಯಾಮ ಮತ್ತು ವ್ಯಾಲೇಸ್ ಉಪಗ್ರಹದ 15 ವರ್ಷಗಳ ಮಳೆ ಮಾಹಿತಿ ಅಳೆದರು. ಚಂದ್ರ ನೆತ್ತಿಯ ಮೇಲಿದ್ದಾಗ ವಾಯುಭಾರ ತುಸು ಏರಿ, ಮಳೆ ತುಸು ತಗ್ಗುತ್ತದೆ. ಎಷ್ಟು? ಮಳೆಯ ಒಟ್ಟು ಏರಿಳಿತದಲ್ಲಿ ಶೇ. 1ರಷ್ಟು. ಅಷ್ಟಕ್ಕೆ ಕೊಡೆ ಬಿಚ್ಚಬೇಕೆ, ಮಡಿಸಬೇಕೆ? ಅದೂ ಅಲ್ಲದೆ ಚಂದ್ರ ದಿನಕ್ಕೊಮ್ಮೆ ನೆತ್ತಿಗೆ ಬಂದೇ ಬರುತ್ತಾನೆ: ಹುಣ್ಣಿಮೆಯಲ್ಲಿ ನಡುರಾತ್ರಿ, ಅಮಾವಾಸ್ಯೆಯಲ್ಲಿ ನಡುಹಗಲು. ತಿಥಿಯಿಂದ ತಿಳಿಯುವುದು ಆ ಗಳಿಗೆ ಮಾತ್ರ.

ಯೂರೋಪಿನಲ್ಲೂ ಇಂಥದೊಂದು ಕೋಷ್ಟಕ ಓಡಾಡುತ್ತಿತ್ತು. ಅಮಾವಾಸ್ಯೆಯೋ ಹುಣ್ಣಿಮೆಯೋ ಕೂಡುವ ಗಳಿಗೆ ನಡುರಾತ್ರಿಗೆ ಹತ್ತಿರವಾದಷ್ಟೂ ಹವೆ ಚೆನ್ನಂತೆ. ಖಗೋಳಜ್ಞ ವಿಲಿಯಂ ಹರ್ಷೆಲ್ ಹೆಸರನ್ನೂ ಅಂಟಿಸಿದ್ದರು. ಆದರೆ ಅದು ಅವರದಲ್ಲ. ಹುಣ್ಣಿಮೆಯ ಗಳಿಗೆ ಜಗತ್ತಿಗೆಲ್ಲ ಒಂದೇ. ಗ್ರೀನಿಚ್ಚಿನಲ್ಲಿ ನಡುರಾತ್ರಿಯಾದಾಗ ಇಲ್ಲಿ ಬೆಳಗಿನ ಐದೂವರೆ, ಹಾಲಿನವನು ಬಂದಿರುತ್ತಾನೆ. ಗಡಿಯಾರದ ಮುಳ್ಳು ನೋಡಿ ಮೋಡ ಕಟ್ಟುತ್ತದೆಯೇ?

ನಮ್ಮ ರೈತರ ಮಳೆ ನಕ್ಷತ್ರಗಳನ್ನೂ ಈ ವಾದಕ್ಕೆ ಎಳೆಯುವವರಿದ್ದಾರೆ. ಅವು ಚಂದ್ರನವಲ್ಲ, ಸೂರ್ಯನವು. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಬರುವುದು ಜೂನ್ 21-22ರ ಸುಮಾರಿಗೆ. ಅಲ್ಲಿಂದ ಎರಡು ವಾರ ಬೀಳುವುದು ಆರಿದ್ರಾ ಮಳೆ. ಅದು ಋತುವಿನ ಲೆಕ್ಕ, ಮುಂಗಾರಿಗೆ ಹೊಂದುತ್ತದೆ. ಅದನ್ನು ಹಳ್ಳಿಯವರಿಂದ ಕಲಿಯುವುದು ಬಿಟ್ಟು ಅಮಾವಾಸ್ಯೆ ಹಿಡಿದವರು ನಾವು ಪಟ್ಟಣದವರು.

ಚಂದ್ರನನ್ನು ನೋಡಲೇಬೇಕೆಂದರೆ ಕ್ಯಾಲೆಂಡರ್ ಬಿಟ್ಟು ತಾರಸಿಗೆ ಹೋಗಿ. ಅವನ ಸುತ್ತ ದೊಡ್ಡ ಬಳೆ ಕಟ್ಟಿದ್ದರೆ, ಎತ್ತರದಲ್ಲಿ ಹಿಮದ ಹರಳಿನ ತೆಳು ಮೋಡ ಹರಡಿದೆ ಎಂದರ್ಥ. ಕೆಲವೊಮ್ಮೆ ಹಿಂದೆಯೇ ಮಳೆಯ ಮೋಡವೂ ಬರುತ್ತದೆ. ಶಾಮಿಯಾನದ ಹಿರಿಯರು ಹೊರಗೆ ಬಂದು ಕತ್ತೆತ್ತಿ ಅದನ್ನೂ ನೋಡಿರಬಹುದು. ಅಮಾವಾಸ್ಯೆಯ ರಾತ್ರಿ ಮಾತ್ರ ಅದಕ್ಕೂ ಅವಕಾಶವಿಲ್ಲ.