ಎಣಿಸೋ ಕೆಲಸ ನನ್ನದಲ್ಲ ಸ್ವಾಮಿ

ಇವತ್ತು ನಮ್ಮ ಕಾಲೇಜಿನ ಮೀಟಿಂಗ್‌ನಲ್ಲಿ ಒಂದು ಆ್ಯಪ್ ತೋರಿಸಿದರು. ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ಅದರ ಮುಂದೆ ಸ್ಕ್ವಾಟ್ ಹೊಡೆದರೆ ಕ್ಯಾಮೆರಾ ನೋಡಿ ಎಣಿಸುತ್ತದೆ. ಮಂಡಿ ಒಳಗೆ ಬಾಗಿದರೆ ಎಚ್ಚರಿಸುತ್ತದೆ. ಕೊನೆಗೆ ಶಹಬ್ಬಾಸ್ ಅಂತಲೂ ಹೇಳುತ್ತದೆ. ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರು ನನ್ನ ಭುಜ ತಟ್ಟಿ "ಇನ್ನು ನಿಮಗೆ ಆರಾಮ ಬಿಡಿ ಸಾರ್" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಪಿಟಿ ಮೇಷ್ಟ್ರಿಗೆ ಸ್ಪೋರ್ಟ್ಸ್‌ಮನ್ ಸ್ಪಿರಿಟ್ ಇಲ್ಲ ಅಂತಾರೆ.

ಆಮೇಲೆ ಬಂದ ಮಾತಿಗೆ ಮಾತ್ರ ನಗೋಕೆ ಆಗಲಿಲ್ಲ. "ಇಂಥದ್ದು ಇರುವಾಗ ಫಿಟ್‌ನೆಸ್ ಕೋರ್ಸಿಗೆ ಇಬ್ಬರು ಲೆಕ್ಚರರ್ ಯಾಕೆ ಬೇಕು?"

ನೋಡಿ, ಈ ಪ್ರಶ್ನೆ ಎಐ ಬಂದ ಮೇಲೆ ಹುಟ್ಟಿದ್ದಲ್ಲ. ನನ್ನನ್ನು ಬಲ್ಲವರಿಗೆ ಇದು ಗೊತ್ತೇ ಇದೆ. ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗೋದು ನಮ್ಮ ಪೀರಿಯಡ್. ಸಮಾರಂಭಕ್ಕೆ ಕುರ್ಚಿ ಹಾಕಿಸೋದು ನಾವು, ಗಲಾಟೆ ಮಾಡುವ ಹುಡುಗರನ್ನು ಸಾಲಾಗಿ ನಿಲ್ಲಿಸೋದು ನಾವು. "ವಿಸಲ್ ಊದೋಕೆ ಇಷ್ಟು ಸಂಬಳನಾ?" ಅನ್ನೋ ಮಾತನ್ನು ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದೇನೆ. ಈಗ ಎಐ ಆ ಹಳೇ ಮಾತಿಗೆ ಹೊಸ ಅಂಗಿ ತೊಡಿಸಿದೆ, ಅಷ್ಟೇ.

ಒಂದು ತಮಾಷೆ ಹೇಳುತ್ತೇನೆ. 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್‌ಬರ್ನ್ ಅನ್ನೋ ಇಬ್ಬರು ಸಂಶೋಧಕರು, ಯಾವ ಕೆಲಸ ಕಂಪ್ಯೂಟರ್ ಪಾಲಾಗಬಹುದು ಅಂತ 702 ಉದ್ಯೋಗಗಳನ್ನು ಲೆಕ್ಕ ಹಾಕಿದ್ದರು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯ ಯಾರಿಗೆ ಗೊತ್ತಾ? ಡಾಕ್ಟರಿಗಲ್ಲ, ಎಂಜಿನಿಯರಿಗಲ್ಲ. ರಿಕ್ರಿಯೇಷನಲ್ ಥೆರಪಿಸ್ಟ್‌ಗೆ. ಆಟ, ಚಟುವಟಿಕೆ ಮಾಡಿಸುತ್ತಾ ರೋಗಿಗಳು ಚೇತರಿಸಿಕೊಳ್ಳುವ ಹಾಗೆ ಮಾಡುವವರು ಇವರು. ಸೊನ್ನೆ ಅಂದರೆ ಅಪಾಯವೇ ಇಲ್ಲ, ಒಂದು ಅಂದರೆ ಕೆಲಸ ಹೋದ ಹಾಗೇ; ಅವರಿಗೆ ಸಿಕ್ಕ ಅಂಕ 0.0028. ಕೋಚ್‌ಗಳೂ ಮನರಂಜನೆ ಚಟುವಟಿಕೆ ನಡೆಸುವವರೂ ಹೆಚ್ಚುಕಡಿಮೆ ಅದೇ ತುದಿಯಲ್ಲಿದ್ದರು. ಅಂದರೆ ನಮ್ಮ ದಾಯಾದಿಗಳು! ಅದೇ ಪಟ್ಟಿಯಲ್ಲಿ ಅಂಪೈರ್ ಮತ್ತು ರೆಫರಿಗಳಿಗೆ 0.98.

ಚಾಟ್‌ಜಿಪಿಟಿ ಬಂದದ್ದು 2022ರ ಕೊನೆಗೆ. ಹಾಗಾಗಿ ಆ ಪಟ್ಟಿ ಹಿಡಿದುಕೊಂಡು ಯಾರೂ ಕುಣಿಯಬೇಡಿ. ಆದರೆ ಅಂಪೈರ್ ಮಾತು ಎಷ್ಟು ನಿಜವಾಯಿತು, ಎಷ್ಟು ಆಗಲಿಲ್ಲ ಅಂತ ನೋಡಿ. 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 12 ಕ್ಯಾಮೆರಾಗಳು ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗಮನಿಸಿ ಆಫ್‌ಸೈಡ್ ತಪ್ಪು ಹಿಡಿಯಲು ರೆಫರಿಗೆ ನೆರವಾದವು. 2025ರಲ್ಲಿ ವಿಂಬಲ್ಡನ್ ಲೈನ್ ಜಡ್ಜ್‌ಗಳನ್ನೇ ಮನೆಗೆ ಕಳಿಸಿತು. ಚೆಂಡು ಗೆರೆ ಮುಟ್ಟಿತಾ ಇಲ್ಲವಾ ಅಂತ ಹೇಳೋ ಕೆಲಸ ಹೋಯಿತು. ಸಿಟ್ಟಾದ ಆಟಗಾರನ ಹತ್ತಿರ ಹೋಗಿ ತಣ್ಣಗೆ ಎರಡು ಮಾತಾಡೋ ರೆಫರಿ ಇನ್ನೂ ಅಲ್ಲೇ ಇದ್ದಾರೆ.

ನಮ್ಮ ಕೆಲಸದಲ್ಲೂ ಹೀಗೇ ಆಗುತ್ತದೆ. ಟೈಪ್ ಮಾಡಬಹುದಾದ್ದೆಲ್ಲ ಹೋಗುತ್ತದೆ. ನೋಟ್ಸ್, ಪಿಪಿಟಿ, ಎತ್ತರಕ್ಕೆ ತೂಕ ಸರಿಯಿದೆಯಾ ಅಂತ ತೋರಿಸೋ ಬಿಎಂಐ ಪಟ್ಟಿ, ತರಬೇತಿ ವೇಳಾಪಟ್ಟಿ, ಪ್ರಶ್ನೆಪತ್ರಿಕೆ, ಎಲ್ಲ. ಹೋಗಲಿ ಬಿಡಿ. ನಿಜ ಹೇಳಬೇಕಂದ್ರೆ ಪಾಠದ ಪ್ಲ್ಯಾನನ್ನು ನಾನೂ ಎಐ ಕೈಲೇ ಬರೆಸುತ್ತೇನೆ. ನನಗಿಂತ ಚೆನ್ನಾಗಿ ಬರೆಯುತ್ತದೆ. ಮೊದಲ ಸಲ ನೋಡಿದಾಗ ಹೊಟ್ಟೆ ಉರಿದಿತ್ತು. ನನ್ನ ಸಿಟ್ಟು ಅದರ ಮೇಲಲ್ಲ. ಟೈಪ್ ಮಾಡಬಹುದಾದ್ದಷ್ಟೇ ನಮ್ಮ ಕೆಲಸ ಅಂತ ಲೆಕ್ಕ ಬರೆಯೋರ ಮೇಲೆ.

ಉದಾಹರಣೆಗೆ, ವ್ಯಾಯಾಮ ಮಾಡುವಾಗ ಹೃದಯ ಬಡಿತ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟಕ್ಕೆ ಏರಬಹುದು ಅನ್ನೋ ಲೆಕ್ಕ. 220ರಿಂದ ವಯಸ್ಸು ಕಳೆಯಿರಿ ಅಂತ ಯಾವ ಆ್ಯಪ್ ಬೇಕಾದರೂ ಹೇಳುತ್ತದೆ. 1970ರ ಸುಮಾರಿಗೆ ಚಾಲ್ತಿಗೆ ಬಂದ ಒರಟು ಅಂದಾಜು ಅದು. 2001ರಲ್ಲಿ ತನಾಕಾ ಅನ್ನೋ ಸಂಶೋಧಕರು ಮತ್ತು ಸಂಗಡಿಗರು 208ರಿಂದ ವಯಸ್ಸಿನ 0.7 ಭಾಗ ಕಳೆಯಿರಿ ಅಂದರು. ಎರಡನ್ನೂ ಮಷೀನ್ ಸರಿಯಾಗಿಯೇ ಹೇಳುತ್ತದೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರಿಗೆ ಈ ಲೆಕ್ಕ ನಡೆಯಲ್ಲ, ಅವರ ಬಡಿತ ಅಷ್ಟು ಏರುವುದೇ ಇಲ್ಲ ಅನ್ನೋದೂ ಅದಕ್ಕೆ ಗೊತ್ತು. ಆದರೆ ಮಾತ್ರೆ ನುಂಗುತ್ತಿದ್ದೇನೆ ಅಂತ ಅದಕ್ಕೆ ಹೇಳುವವರು ಯಾರು? ಫಾರ್ಮ್‌ನಲ್ಲಿ 'ಕಾಯಿಲೆ ಏನೂ ಇಲ್ಲ' ಅಂತ ಟಿಕ್ ಹಾಕಿದ ಹುಡುಗ, ಕ್ಲಾಸ್ ಮುಗಿದು ಎಲ್ಲರೂ ಹೋದ ಮೇಲೆ ಶೂ ಲೇಸ್ ಕಟ್ಟೋ ನೆಪದಲ್ಲಿ ಹಿಂದೆ ಉಳಿದು, ತಲೆ ಎತ್ತದೆ "ಸಾರ್, ಒಂದು ವಿಷಯ" ಅನ್ನುತ್ತಾನೆ. ಆ ಲೇಸ್ ಕಟ್ಟೋಕೆ ಎಷ್ಟು ಹೊತ್ತು ತಗೊಂಡರೂ ನಾನು ಕಾಯುತ್ತೇನೆ. ಇದು ಯಾವ ವರ್ಕ್‌ಲೋಡ್‌ನಲ್ಲಿ, ಅಂದರೆ ನಮ್ಮ ಕೆಲಸದ ಗಂಟೆಗಳ ಲೆಕ್ಕದಲ್ಲಿ, ಬರುತ್ತದೆ ಹೇಳಿ.

ಕೈಗಡಿಯಾರದ ವಿಷಯವೂ ಅಷ್ಟೇ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಆರು ಸಾಧನಗಳು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಭೇಷ್. ಆದರೆ ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇ 27ರಷ್ಟು ತಪ್ಪಿತ್ತು, ಕೆಟ್ಟದ್ದು ಶೇ 93. ಈಗಿನವು ಸುಧಾರಿಸಿರಬಹುದು. ಆದರೂ ಯಾವ ಅಂಕಿ ನಂಬಬೇಕು, ಯಾವುದನ್ನು ಬಿಡಬೇಕು ಅಂತ ಕಲಿಸೋಕೆ ಒಬ್ಬರು ಬೇಕಲ್ವಾ?

ಸ್ಕ್ವಾಟಿಗೇ ವಾಪಸ್ ಬರೋಣ. ಹುಡುಗಿ ಬಗ್ಗಿ ಏಳುತ್ತಿದ್ದಾಳೆ. ಮಂಡಿ ಸರಿ, ಬೆನ್ನು ಸರಿ. ಆ್ಯಪ್ ಹಸಿರು ತೋರಿಸುತ್ತದೆ. ಆದರೆ ಉಸಿರು ಬಿಗಿಹಿಡಿದಿದ್ದಾಳೆ, ತುಟಿ ಬೆಳ್ಳಗಾಗಿದೆ, ಏಳುವಾಗಲೆಲ್ಲ ಕಣ್ಣು ಒಂದು ಕ್ಷಣ ಎಲ್ಲೋ ಹೋಗುತ್ತದೆ. ನಾನು ಸೆಟ್ ನಿಲ್ಲಿಸಿ ಕೂರಿಸಿ "ಏನಾದ್ರೂ ತಿಂದಿದ್ದೀಯೇನಮ್ಮಾ?" ಅಂತ ಕೇಳುತ್ತೇನೆ. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ತೂಕ ಇಳಿಸಬೇಕಂತೆ. ಹಾಗಂತ ಯಾವುದೋ ಆ್ಯಪ್ ಹೇಳಿತ್ತಂತೆ!

ಇನ್ನು ಬಿಸಿಲಲ್ಲಿ ಓಡೋರ ಕಥೆ. ಮೈಯ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ತಲೆ ಕೆಡಲು ಶುರುವಾದವನು "ನಂಗೇನೂ ಆಗಿಲ್ಲ ಸಾರ್, ಬಿಡಿ" ಅಂತ ಜಗಳಕ್ಕೇ ಬರಬಹುದು. ಯಾವತ್ತೂ ಎದುರು ಮಾತಾಡದ ಹುಡುಗ ಹಾಗೆ ತೊದಲುತ್ತಾ ಜಗಳ ಆಡಿದರೆ ನನಗೆ ಅಲ್ಲೇ ಅನುಮಾನ ಬರುತ್ತದೆ. ಆಗ ಮಾಡಬೇಕಾದ್ದು ಮೊದಲು ತಣ್ಣೀರಲ್ಲಿ ಮೈ ತಣಿಸುವುದು, ಆಮೇಲೆ ಆಸ್ಪತ್ರೆಗೆ ಸಾಗಿಸುವುದು. ಈ ಕ್ರಮ ಎಐಗೂ ಗೊತ್ತು. ಆ ಹುಡುಗ ಯಾವತ್ತೂ ಎದುರು ಮಾತಾಡದವನು ಅನ್ನೋದು ಗೊತ್ತಿಲ್ಲ. ಟಬ್ ಎಳೆದುಕೊಂಡು ಬರೋದಂತೂ ದೂರದ ಮಾತು.

ಫಿಟ್‌ನೆಸ್ ಬಿಡಿ, ರಿಕ್ರಿಯೇಷನ್ ಅಂದರೆ ಇನ್ನೂ ಸಸಾರ. "ಸುಮ್ನೆ ಆಟ ಆಡಿಸೋದು ತಾನೇ?" ಹೌದು, ಆಡಿಸಿ ನೋಡಿ. ಪರಿಚಯವೇ ಇಲ್ಲದ ಮೂವತ್ತು ಜನ, ಅರ್ಧ ಜನಕ್ಕೆ ಮನಸ್ಸಿಲ್ಲ. ಔಟ್ ಆದವರು ಹೊರಗೆ ಕೂರುವ ಆಟ ಇಟ್ಟರೆ ಏನಾಗುತ್ತದೆ? ಮೊದಲು ಔಟ್ ಆಗೋದು ನಿಧಾನ ಇರೋರು, ದಪ್ಪ ಇರೋರು, ನಾಚಿಕೆ ಇರೋರು. ಯಾರು ಜಾಸ್ತಿ ಓಡಬೇಕೋ ಅವರೇ ಎಲ್ಲರಿಗಿಂತ ಜಾಸ್ತಿ ಹೊತ್ತು ಕೂರುತ್ತಾರೆ. ಅದಕ್ಕೇ ನಾವು ನಿಯಮ ತಿರುಗಿಸುತ್ತೇವೆ. ಔಟ್ ಆದವರು ಎದುರು ತಂಡಕ್ಕೆ ಸೇರಲಿ ಅಂತೀವಿ. ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸಿ ಕೊನೆಗೊಬ್ಬ ತಲೆ ತಗ್ಗಿಸಿ ನಿಲ್ಲೋ ಪದ್ಧತಿ ನನ್ನ ಮೈದಾನದಲ್ಲಿಲ್ಲ. ಹುಟ್ಟಿದ ತಿಂಗಳ ಮೇಲೆ ತಂಡ ಮಾಡುತ್ತೇನೆ. ಆಟದ ಮಧ್ಯೆ ಒಂದು ತಂಡದ ಮುಖ ಬಾಡುತ್ತಿದ್ದ ಹಾಗೆ ಗೆರೆಯನ್ನು ಎರಡು ಹೆಜ್ಜೆ ಹಿಂದೆ ಸರಿಸುತ್ತೇನೆ. ಯಾರಿಗೂ ಗೊತ್ತಾಗಲ್ಲ. ಗೊತ್ತಾಗಬಾರದು ಕೂಡ. ಕೆಲಸ ಚೆನ್ನಾಗಿ ಆದಷ್ಟೂ 'ಮೇಷ್ಟ್ರು ಸುಮ್ನೆ ನಿಂತಿದ್ದರು' ಅಂತಲೇ ಕಾಣುತ್ತದೆ. ಇದೇ ನೋಡಿ ನಮ್ಮ ಕರ್ಮ!

ಈಗ ಕಾಮೆಂಟಲ್ಲಿ ಯಾರೋ ಬಂದೇ ಬರುತ್ತಾರೆ. "ಆ್ಯಪ್ ಪುಕ್ಕಟೆ, ಮಧ್ಯರಾತ್ರಿಯೂ ಸಿಗುತ್ತದೆ, ಯಾರನ್ನೂ ಹಂಗಿಸಲ್ಲ, ನಾಚಿಕೆ ಸ್ವಭಾವದವರಿಗೆ ಅನುಕೂಲ." ಕೊನೆಯ ಮಾತು ಒಪ್ಪುತ್ತೇನೆ. ಮಕ್ಕಳನ್ನು ದಪ್ಪ ಅಂತ ಆಡಿಕೊಂಡ ಮೇಷ್ಟ್ರುಗಳನ್ನು ನಾನೂ ಕಂಡಿದ್ದೇನೆ. ಅಂಥವರ ಬದಲು ಆ್ಯಪ್ ಬರಲಿ, ಸಂತೋಷ. ಉಳಿದದ್ದು ಇದ್ದರೂ ಅಷ್ಟರಿಂದಲೇ ಜನ ಏಳಲ್ಲ. ಸ್ಮಾರ್ಟ್‌ಫೋನ್ ಬಂದಾಗಿನಿಂದ ವ್ಯಾಯಾಮದ ಆ್ಯಪ್‌ಗಳು ಇವೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2022ರಲ್ಲಿ ವಯಸ್ಕರಲ್ಲಿ ಶೇ 31ರಷ್ಟು, ಅಂದರೆ ಸುಮಾರು 180 ಕೋಟಿ ಜನ, ಬೇಕಾದಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೂ ಸಾಕು. ಅದು ಗೊತ್ತಿಲ್ಲ ಅಂತ ಯಾರೂ ಸೋಫಾದಲ್ಲಿ ಕೂತಿಲ್ಲ ಸ್ವಾಮಿ. ಆ್ಯಪ್ ತೆರೆಯೋನು ಆಗಲೇ ಅರ್ಧ ಎದ್ದಿದ್ದಾನೆ. ಏಳದವನನ್ನು ಏಳಿಸೋದು ಹೇಗೆ ಅನ್ನೋದೇ ನಮ್ಮ ವಿಷಯ. ಅದಕ್ಕೆ ನೋಟಿಫಿಕೇಷನ್ ಸಾಕಾಗಿದ್ದರೆ ಇಷ್ಟು ಹೊತ್ತಿಗೆ ಜಗತ್ತೇ ಓಡುತ್ತಿರಬೇಕಿತ್ತು.

ನಮ್ಮವರಿಗೂ ಒಂದು ಮಾತು, ಬೈದರೂ ಪರವಾಗಿಲ್ಲ. ಚೆಂಡು ಎಸೆದು, ಹಾಜರಿ ಹಾಕಿ, ನೆರಳಲ್ಲಿ ಮೊಬೈಲ್ ಒತ್ತುತ್ತಾ ಕೂರೋರ ಕೆಲಸವನ್ನು ಆ್ಯಪ್ ಮಾಡಬಲ್ಲದು. ಮೇಲಿನವರಿಗೆ ನೆವ ಸಿಕ್ಕಿದ್ದು ನಿಮ್ಮಿಂದಲೇ.

ಹಳೇ ವಿದ್ಯಾರ್ಥಿಯೊಬ್ಬ ಮೆಸೇಜ್ ಮಾಡಿ, ಇದೇ ಸಾಲಿನಲ್ಲಿ ಪಿಎಚ್‌ಡಿ ಮಾಡಲಾ ಸಾರ್, ಕೆಲಸ ಸಿಗುತ್ತಾ ಅಂತ ಕೇಳಿದ್ದಾನೆ. ಮಾಡು ಮಾರಾಯಾ. ಆದರೆ ಸಾಮಾನ್ಯ ಫಿಟ್‌ನೆಸ್ ಹಿಡಿದುಕೊಂಡು ಹೋಗಬೇಡ, ಅದು ಮಷೀನ್ ಪಾಲು. ವಯಸ್ಸಾದವರ ಸಮತೋಲನ, ಅಂಗವಿಕಲರ ಆಟ, ಹೃದಯದ ಆಪರೇಷನ್ ಆದವರ ವ್ಯಾಯಾಮ, ಇಂಥದ್ದು ಏನಾದರೂ ಕೈಯಲ್ಲಿರಲಿ. ಅಂಕಿಅಂಶ ಓದೋಕೆ ಕಲಿ. ಕ್ಯಾಮೆರಾ ಎಲ್ಲಿ ತಪ್ಪುತ್ತದೆ, ಯಾರ ಮೈಕಟ್ಟಿಗೆ ತಪ್ಪುತ್ತದೆ ಅಂತ ಪರೀಕ್ಷಿಸಿ ಹೇಳುವವರು ಈ ಆ್ಯಪ್ ಮಾಡುವವರಿಗೇ ಬೇಕು. ಹುದ್ದೆಗಳು ಕಡಿಮೆಯಾಗಬಹುದು, ಅದನ್ನು ಮುಚ್ಚಿಡಲ್ಲ. ನನಗೂ ಭಯ ಇದೆ. ನನ್ನ ಮಂಡಿ ಈಗ ಮಾತು ಕೇಳಲ್ಲ, ಡೆಮೊಗೆ ಹುಡುಗರನ್ನೇ ಕರೆಯುತ್ತೇನೆ. ಈ ವಯಸ್ಸಲ್ಲಿ ಬೇರೆ ಕಡೆ ಅರ್ಜಿ ಹಾಕೋ ಶಕ್ತಿ ಇಲ್ಲ.

ಮುಂದಿನ ವಾರ ಇದೇ ವಿಷಯಕ್ಕೆ ಇನ್ನೊಂದು ಮೀಟಿಂಗ್ ಇದೆ. ಅಷ್ಟರೊಳಗೆ ನಾನು ವರ್ಕ್‌ಲೋಡ್ ಪಟ್ಟಿ ತುಂಬಿ ಕೊಡಬೇಕು. ಥಿಯರಿ ಗಂಟೆಗೆ ಕಾಲಂ ಇದೆ, ಪ್ರಾಕ್ಟಿಕಲ್‌ಗೆ ಇದೆ, ಪ್ರಬಂಧಕ್ಕೆ ಇದೆ. ಕ್ಲಾಸ್ ಮುಗಿದ ಮೇಲೆ ಮೈದಾನದಲ್ಲಿ ಹುಡುಗರ ಜೊತೆ ನಿಲ್ಲೋದಕ್ಕೆ ಇಲ್ಲ. ನಿಮ್ಮಲ್ಲಿ ಯಾರ ಕಾಲೇಜಿನ ಪಟ್ಟಿಯಲ್ಲಾದರೂ ಅಂಥ ಕಾಲಂ ಇದ್ದರೆ ದಯವಿಟ್ಟು ಫೋಟೊ ತೆಗೆದು ಇನ್‌ಬಾಕ್ಸ್‌ಗೆ ಹಾಕಿ. ಪ್ರಿಂಟ್ ತೆಗೆದು ಎಲ್ಲರ ಮುಂದೆ ಇಡಬೇಕು.