ಮೂರನೇ ಹಂತದ ಘಟಕದಲ್ಲಿ ನಮ್ಮ ವಾಸ

ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ನೀರಿಗೆ ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೋಲಾರದ ಹೋರಾಟಗಾರರು ವರ್ಷಗಳಿಂದ ಗಂಟಲು ಹರಿದುಕೊಳ್ಳುತ್ತಿರುವುದನ್ನು ಕಂಡರೆ ನನಗೆ ಮರುಕವಾಗುತ್ತದೆ. ಆ ಘಟಕ ಎಂದೋ ಕೆಲಸ ಆರಂಭಿಸಿದೆ. ಕಾಂಪೌಂಡಿಲ್ಲ, ನಾಮಫಲಕವಿಲ್ಲ, ಟೆಂಡರಿನ ರಗಳೆಯೂ ಇರಲಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿಲ್ಲ, ಅಷ್ಟೆ. ಕೋಲಾರ ಜಿಲ್ಲೆಯೆಂಬುದೇ ಆ ಘಟಕ. ಇಲ್ಲಿ ಮಣ್ಣು ಸೋಸುತ್ತದೆ, ಬಂಡೆಯ ಬಿರುಕು ಬಸಿಯುತ್ತದೆ, ಜನ ಕಾವಲಿದ್ದಾರೆ. ಸಂಬಳ ಮಾತ್ರ ಯಾರಿಗೂ ನಿಗದಿಯಾಗಿಲ್ಲ.

ಶುದ್ಧೀಕರಣದ ಶಾಸ್ತ್ರ ಸರಳವಾದದ್ದು. ಮೊದಲ ಹಂತದಲ್ಲಿ ಜಾಲರಿ ಕಸವನ್ನು ತಡೆಯುತ್ತದೆ, ಮರಳೂ ಕೆಸರೂ ತಳದಲ್ಲಿ ಕೂರುತ್ತವೆ. ಎರಡನೆಯದರಲ್ಲಿ ನೀರಿಗೆ ಗಾಳಿ ಊದುತ್ತಾರೆ. ಸೂಕ್ಷ್ಮಜೀವಿಗಳು ಅದರಲ್ಲಿ ಕರಗಿದ ಹೊಲಸನ್ನು ಉಂಡು ಕೊಬ್ಬುತ್ತವೆ. ಇಷ್ಟಾದ ಮೇಲೂ ಉಳಿಯುವ ರಂಜಕ, ಸಾರಜನಕ, ರೋಗಾಣು ಮೊದಲಾದವನ್ನು ತೆಗೆಯುವುದು ಮೂರನೆಯ ಹಂತ, ಮತ್ತು ಅದು ದುಬಾರಿ. ಆದ್ದರಿಂದ ಬೆಂಗಳೂರು ಎರಡನೆಯ ಹಂತಕ್ಕೇ ಕೈತೊಳೆದುಕೊಂಡಿತು. ಕೈ ತೊಳೆದ ಆ ನೀರೂ ನಮ್ಮ ಕೆರೆಗೇ ಬಂತು.

ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ, ಅಂದರೆ ಕೆ.ಸಿ. ವ್ಯಾಲಿಯಿಂದ, ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿತ ನೀರನ್ನು ತಂದು 126 ಕೆರೆಗಳನ್ನು ತುಂಬಿಸುವುದು ಯೋಜನೆಯ ಮೂಲ ಲೆಕ್ಕ. ಬೆಳ್ಳಂದೂರು ಕೆರೆ ಇರುವುದೂ ಇದೇ ಕಣಿವೆಯಲ್ಲಿ. 2015ರಲ್ಲಿ ನೊರೆಯುಕ್ಕಿಸಿ ಬೆಂಕಿಯನ್ನೂ ಹೊತ್ತಿಸಿಕೊಂಡು, 2017 ಮತ್ತು 2018ರಲ್ಲಿ ಮತ್ತೆ ಉರಿದು, ಬೆಂಕಿಗೂ ನೀರಿಗೂ ಇದ್ದ ಅನಾದಿ ಕಾಲದ ವೈರವನ್ನು ರಾಜಿಯಲ್ಲಿ ಮುಗಿಸಿದ ಕೆರೆ ಅದು. 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಪೈಪಿನಲ್ಲಿ ಗಂಗಾವತರಣವಾದಾಗ ಕೈಮುಗಿದು ನಿಂತ ಜನ, ಮರುತಿಂಗಳು ಅಲ್ಲೂ ನೊರೆ ಎದ್ದಾಗ ಅದೇ ಕೈಯಿಂದ ಮೂಗು ಮುಚ್ಚಿಕೊಂಡರು. ನೀರು ಕೆಲಕಾಲ ನಿಂತಿತು, ವ್ಯಾಜ್ಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹರಿಯಿತು, 2019ರಲ್ಲಿ ತಡೆ ಬಿದ್ದು ಅದೇ ವರ್ಷ ತೆರವೂ ಆಯಿತು. ಚಿಕ್ಕಬಳ್ಳಾಪುರದವರು ನಗಬೇಕಾಗಿಲ್ಲ, ಹೆಬ್ಬಾಳ–ನಾಗವಾರ ಕಣಿವೆಯ ನೀರು ಅವರ ಕಂದವಾರ ಕೆರೆಯನ್ನೂ ಮಾತಾಡಿಸಿದೆ.

ಹಾಗೆಂದು ಬೇಡವೆನ್ನುವ ಎದೆಗಾರಿಕೆ ನಮ್ಮಲ್ಲಿ ಯಾರಿಗಿದೆ? ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಸಾವಿರದಿನ್ನೂರು ಅಡಿ ಕೊರೆಸಿ ಬರೀ ದೂಳು ಕಂಡವರು, ಸಿಕ್ಕ ನೀರಿನ ಫ್ಲೋರೈಡಿನಿಂದ ಹಲ್ಲು ಕಂದಿಸಿಕೊಂಡವರು ನಾವು. ಕೆರೆ ತುಂಬಿದ ಮೇಲೆ ಸುತ್ತಲಿನ ಬತ್ತಿದ ಬೋರ್‌ವೆಲ್‌ಗಳಿಗೆ ಮತ್ತೆ ಜೀವ ಬಂದದ್ದೂ ಸುಳ್ಳಲ್ಲ. ಹಸಿದವನು ಎಲೆಯಲ್ಲಿ ಬಡಿಸಿದ್ದು ಯಾರ ಮನೆಯ ಎಂಜಲೆಂದು ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಈ ಯೋಜನೆಯ ಅಷ್ಟೂ ಪೈಪು ಮಲಗಿದೆ.

ನಿಜವಾದ ತತ್ವಶಾಸ್ತ್ರವಿರುವುದು ನಿಯಮದಲ್ಲಿ. ಈ ನೀರು ಅಂತರ್ಜಲದ ಮರುಪೂರಣಕ್ಕೆ ಮಾತ್ರ. ಕೆರೆಗೆ ಮೋಟಾರು ಇಳಿಸಿ ಎತ್ತಿದರೆ ಅಪರಾಧ. ಏರಿಯ ಕೆಳಗಿನ ಗದ್ದೆಯ ರೈತ ತುಂಬಿದ ಕೆರೆಗೆ ಬೆನ್ನು ತಿರುಗಿಸಿ, ಅದು ನೆಲಕ್ಕಿಳಿದು ತನ್ನ ಬೋರ್‌ವೆಲ್‌ ತಲುಪುವವರೆಗೆ ಸಭ್ಯವಾಗಿ ಕಾಯಬೇಕು. ಏರಿಯ ಆಚೆಗಿದ್ದಾಗ ಕೊಳಚೆಯಾಗಿದ್ದದ್ದು ಈಚೆಗೆ ಜಿನುಗಿದ ಕೂಡಲೇ ಗಂಗೆಯಾಗುತ್ತದೆ. ಮನುಷ್ಯರಿಗೆ ಕಾಶಿಗೆ ಹೋಗಿಬಂದರೂ ದಕ್ಕದ ಪಾವನತೆ ಈ ನೀರಿಗೆ ಒಂದು ಏರಿ ದಾಟಿದರೆ ದಕ್ಕುತ್ತದೆ. ಎಮ್ಮೆಗಳಿಗೆ ಈ ನಿಯಮವನ್ನು ಯಾರೂ ಓದಿ ಹೇಳಿಲ್ಲ. ಅವು ನೇರವಾಗಿ ಕೆರೆಗಿಳಿದು ಕುಡಿಯುತ್ತವೆ, ಸಂಜೆ ಅವುಗಳ ಹಾಲು ಡೇರಿಗೆ ಹೋಗುತ್ತದೆ.

ಒಂದು ಕಾಲವಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರನ್ನು ಕತ್ತಲೆಯಲ್ಲಿ ಬಿಟ್ಟು ನೇರವಾಗಿ ನಮ್ಮ ಕೋಲಾರ ಚಿನ್ನದ ಗಣಿಗೆ ಬಂದಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ನಮ್ಮಲ್ಲಿ ಚಿನ್ನವಿದ್ದಾಗ ಕಾವೇರಿ ತಾಜಾ ಆಗಿ ಬರುತ್ತಿದ್ದಳು. 2001ರಲ್ಲಿ ಗಣಿ ಮುಚ್ಚಿತು. ಈಗ ಅದೇ ಕಾವೇರಿ ತೊರೆಕಾಡನಹಳ್ಳಿಯ ಪಂಪ್‌ಹೌಸಿನಿಂದ ನೂರು ಕಿಲೋಮೀಟರ್ ಏರಿ, ಬೆಂಗಳೂರಿನವರ ಬಾಯಿ, ಬಚ್ಚಲು, ಕಕ್ಕಸುಗಳನ್ನು ಕ್ರಮವಾಗಿ ಸಂದರ್ಶಿಸಿ, ಬಳಲಿ ನಮ್ಮೂರಿಗೆ ಬರುತ್ತಾಳೆ. ಬೆಂಗಳೂರು ಹಳೆಯ ಬಾಕಿ ತೀರಿಸುತ್ತಿರಬೇಕು.

ಆದರೂ ನಾವು ಬಂದದ್ದನ್ನು ಇಟ್ಟುಕೊಂಡವರಲ್ಲ. ಬೋರ್‌ವೆಲ್‌ ಮೂಲಕ ಪಾವನವಾದ ನೀರು ಟೊಮೆಟೊ ಆಗುತ್ತದೆ, ಕೊತ್ತಂಬರಿ ಸೊಪ್ಪಾಗುತ್ತದೆ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದೆನಿಸಿದ ಕೋಲಾರದ ಎಪಿಎಂಸಿಯಲ್ಲಿ ಕ್ರೇಟು ತುಂಬಿ, ನಸುಕಿಗೆ ಮುಂಚೆ ಲಾರಿ ಹತ್ತಿ ಬೆಂಗಳೂರಿಗೆ ಹೊರಡುತ್ತದೆ. ಅಲ್ಲಿನ ಹದಿನಾಲ್ಕನೇ ಮಹಡಿಯ ಗೃಹಿಣಿಗೆ ಕೋಲಾರದ ತರಕಾರಿಯ ಮೇಲೆ ಸಂಶಯ. ಯಾವ ನೀರಿನಲ್ಲಿ ಬೆಳೆದಿರುತ್ತಾರೋ ಎಂದು ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿಡುತ್ತಾರೆ. ಹೀಗೆ ಯೋಜನಾ ವರದಿಯಲ್ಲೇ ಇಲ್ಲದ ನಾಲ್ಕನೆಯ ಹಂತವೂ ನಡೆದುಹೋಗುತ್ತದೆ. ನೆನೆಸಿದ ಆ ನೀರನ್ನು ಅವರು ಸಿಂಕಿಗೆ ಚೆಲ್ಲುತ್ತಾರೆ. ಲಕ್ಷ್ಮೀಸಾಗರದಲ್ಲಿ ನಾವು ಕಾಯುತ್ತಿರುತ್ತೇವೆ.